'50:50' ಅಂತ ನಂಬ್ಕೊಂಡು ಬೀಮ್ ಸ್ಪ್ಲಿಟರ್ ತಗೋಬೇಡಿ, ನಾನು ತಗೊಂಡು ಕೆಟ್ಟೆ

ಎಂಎಸ್ಸಿ ಪ್ರಾಜೆಕ್ಟಿಗೆ, ಬೆಳಕನ್ನ ಎರಡು ದಾರೀಲಿ ಕಳ್ಸಿ ಕನ್ನಡಿಯಿಂದ ವಾಪಸ್ ತಂದು ಮತ್ತೆ ಸೇರಿಸೋ ಮೈಕೆಲ್ಸನ್ ಇಂಟರ್‌ಫೆರೋಮೀಟರ್ ಮಾಡೋಣ ಅಂತ ಆನ್‌ಲೈನಲ್ಲಿ ಒಂದು ಬೀಮ್ ಸ್ಪ್ಲಿಟರ್ ಕ್ಯೂಬ್ (ಬೆಳಕನ್ನ ನೇರಕ್ಕೊಂದು ಪಕ್ಕಕ್ಕೊಂದು ಅಂತ ಎರಡು ಪಾಲು ಮಾಡೋ ಗಾಜಿನ ಘನ) ತರಿಸ್ದೆ, 700 ರೂಪಾಯಿ, ಒಳ್ಳೆ ಕಂಪನಿದು ಮುಟ್ಟೋಕಾಗಲ್ಲ ಅಷ್ಟು ರೇಟು, ಹಂಗಾಗಿ ಕಣ್ಮುಚ್ಕೊಂಡು ಆರ್ಡರ್ ಹಾಕ್ದೆ. ಬರೆದಿದ್ದು '50:50' ಅಷ್ಟೇ. ಬಂದ ದಿನ ಮೊಬೈಲ್ ಟಾರ್ಚ್ ಬಿಟ್ಟು ನೋಡ್ದೆ, ನೇರಕ್ಕೆ ಅರ್ಧ ಪಕ್ಕಕ್ಕೆ ಅರ್ಧ, ಸಕ್ಕತ್ತಾಗಿ ಬಂತು. ಐದು ಸ್ಟಾರ್ ಬೇರೆ ಕೊಟ್ಬಿಟ್ಟೆ.

ಆಮೇಲೆ ಶುರುವಾಯ್ತು ನೋಡಿ. ಎರಡು ಕನ್ನಡಿ ಇಟ್ಟು, ದೂರ ಸಮ ಮಾಡಿ, ಕೆಂಪು ಡಯೋಡ್ ಲೇಸರ್ ಹಾಕಿದ್ರೆ ಪರದೆ ಮೇಲೆ ಫ್ರಿಂಜ್ (ಎರಡೂ ಬೆಳಕು ಸೇರಿದಾಗ ಮೂಡೋ ಬೆಳಕು-ಕತ್ತಲೆ ಪಟ್ಟಿ) ಬಿಡಿ, ಚುಕ್ಕಿನೂ ಸರಿಯಾಗಿ ಬೀಳ್ತಿಲ್ಲ. ಬೆಳಕೆಲ್ಲ ತಿರುಗಿ ಲೇಸರ್ ಮೂತಿಗೇ ಬಂದು ಬಡೀತಿದೆ. ಹತ್ತು ದಿನ ಕನ್ನಡಿ ಸ್ಕ್ರೂ ತಿರುವಿದ್ದೇ ತಿರುವಿದ್ದು. ಗಾಜು ಕೊಳೆ ಆಗಿರ್ಬೇಕು ಅಂತ ಅಸಿಟೋನಲ್ಲಿ ನೆನೆಸಿಟ್ಟೆ, ಅದು ಎರಡು ಪ್ರಿಸಂ ಅಂಟಿಸಿ ಮಾಡಿರೋದು ಅನ್ನೋದು ತಲೆಗೇ ಹೊಳೀಲಿಲ್ಲ, ಒಂದು ಅಂಚಲ್ಲಿ ಅಂಟು ಬಿಟ್ಟು ಕಣ್ಣಿಗೆ ಪೊರೆ ಬಂದಂಗೆ ಬೆಳ್ಳಗಾಯ್ತು.

ಒಂದಿನ ಬೇಜಾರಲ್ಲಿ ಲೇಸರನ್ನ ಹೋಲ್ಡರ್ ಒಳಗೇ ಸುಮ್ನೆ ತಿರುಗಿಸ್ತಿದ್ದೆ. ನೇರ ಹೋಗೋ ಚುಕ್ಕಿ ಮಂಕಾಗ್ತಾ ಬಂತು, ಪಕ್ಕದ್ದು ಜೋರಾಯ್ತು, ಕಾಲು ಸುತ್ತು ಆಗೋಷ್ಟರಲ್ಲಿ ಪೂರ್ತಿ ಅದಲು ಬದಲು! ಪೋಲರೈಸಿಂಗ್ ಕ್ಯೂಬ್ ಕಣ್ರೀ ಇದು. ಪೋಲರೈಸೇಷನ್ ಅಂದ್ರೆ ಬೆಳಕು ಯಾವ ದಿಕ್ಕಿಗೆ ಕಂಪಿಸುತ್ತೆ ಅನ್ನೋದು, ನನ್ನ ಲೇಸರ್ ಬೆಳಕು ಒಂದೇ ದಿಕ್ಕಿಗೆ ಕಂಪಿಸೋದು, ಈ ಕ್ಯೂಬ್ ಆ ದಿಕ್ಕು ನೋಡಿ ಪಾಲು ಮಾಡುತ್ತೆ. ಒಂದು ದಿಕ್ಕಿನದನ್ನ ('ಪಿ') ನೇರ ಬಿಡುತ್ತೆ, ಅದಕ್ಕೆ ಅಡ್ಡ ದಿಕ್ಕಿನದನ್ನ ('ಎಸ್') ಪಕ್ಕಕ್ಕೆ ತಳ್ಳುತ್ತೆ, ವಾಪಸ್ ಬರುವಾಗ್ಲೂ ಅದೇ ಕತೆ, ಅಂದ್ಮೇಲೆ ಎರಡೂ ಬಂದ ದಾರೀಲೇ ಲೇಸರ್ ಕಡೆ ಹೋಗ್ತವೆ, ಪರದೆಗೆ ಏನುಳೀತು? ಎರಡೂ ಕನ್ನಡಿ ಮುಂದೆ ಕ್ವಾರ್ಟರ್ ವೇವ್ ಪ್ಲೇಟ್ (ಬೆಳಕು ಹೋಗಿ ಬರೋಷ್ಟರಲ್ಲಿ 'ಪಿ'ನ 'ಎಸ್', 'ಎಸ್'ನ 'ಪಿ' ಮಾಡೋ ತೆಳು ಫಲಕ), ಪರದೆ ಮುಂದೆ 45 ಡಿಗ್ರಿಗೆ ಒಂದು ಪೋಲರಾಯ್ಡ್ (ಒಂದೇ ದಿಕ್ಕಿನ ಕಂಪನ ಬಿಡೋ ಹಾಳೆ) ಹಾಕಿದ್ರೆ ನಡಿಯುತ್ತೆ, ಆದ್ರೆ ಅದಕ್ಕೆ ದುಡ್ಡು ಯಾರು ಕೊಡ್ತಾರೆ. ಟಾರ್ಚ್ ಬೆಳಕು ಪೋಲರೈಸ್ ಆಗಿರಲ್ಲ, ಅದಕ್ಕೇ ಅವತ್ತು ಅರ್ಧರ್ಧ ಬಂದಿದ್ದು. ಮಾರಿದವನು ಸುಳ್ಳೂ ಹೇಳಿಲ್ಲ ನಿಜಾನೂ ಹೇಳಿಲ್ಲ. ರಿಟರ್ನ್ ಕೇಳಿದ್ರೆ 7 ದಿನ ಮುಗೀತು, ಅಂಚು ಬೇರೆ ಹಾಳಾಗಿದೆ ಅಂದ.

ತಗೊಳ್ಳೋರು ನಾನ್ ಪೋಲರೈಸಿಂಗ್ ಹೌದಾ, ಒಳಗಿನ ಕೋಟಿಂಗ್ ಯಾವ ತರಂಗಾಂತರಕ್ಕೆ (ಅಂದ್ರೆ ಯಾವ ಬಣ್ಣದ ಬೆಳಕಿಗೆ) ಅಂತ ಮೆಸೇಜಲ್ಲೇ ಬರೆಸ್ಕೊಳ್ಳಿ. ಬಂದ ದಿನಾನೇ ಲ್ಯಾಪ್‌ಟಾಪಿನ ಎಲ್‌ಸಿಡಿ ಸ್ಕ್ರೀನ್ ಬೆಳ್ಳಗೆ ಇಟ್ಟು, ಕ್ಯೂಬ್ ಒಳಗಿಂದ ನೋಡ್ತಾ ಕ್ಯೂಬನ್ನ ಗಡಿಯಾರದ ಮುಳ್ಳಿನಂಗೆ ತಿರುಗಿಸಿ (ಆ ಸ್ಕ್ರೀನಿನ ಬೆಳಕು ಪೋಲರೈಸ್ ಆಗಿರುತ್ತೆ), ಒಂದು ಕೋನದಲ್ಲಿ ಕಪ್ಪಾಯ್ತೋ, ಅದು ಪೋಲರೈಸಿಂಗೇ, ಪ್ಯಾಕ್ ಮಾಡಿ ವಾಪಸ್ ಕಳ್ಸಿ. ಲೇಸರ್ ಹಾಕಿದಾಗ ಮಾತ್ರ ಟೇಬಲ್ ಮಟ್ಟಕ್ಕೆ ಕಣ್ಣು ತರ್ಬೇಡಿ, ಪಕ್ಕದಿಂದ ಎಲ್ಲಿಗೆ ಹಾರುತ್ತೋ ಗೊತ್ತಾಗಲ್ಲ.

ನನ್ನ ಪ್ರಾಜೆಕ್ಟ್ ಕೊನೆಗೆ ಮುಗಿದಿದ್ದು ಬಯಾಲಜಿ ಲ್ಯಾಬಿಂದ ಇಸ್ಕೊಂಡು ಬಂದ ಮೈಕ್ರೋಸ್ಕೋಪ್ ಸ್ಲೈಡಲ್ಲಿ. ಕ್ಯೂಬ್ ಬದ್ಲು ಅದನ್ನೇ ಓರೆ ಇಟ್ಟೆ, ಮಬ್ಬಾದ್ರೂ ಫ್ರಿಂಜ್ ಬಂತು, ರೋಡಲ್ಲಿ ಲಾರಿ ಹೋದಾಗೆಲ್ಲ ಗಡಗಡ ನಡುಗ್ತಿತ್ತು.