ಸಿ-ಸ್ಪ್ಯಾನ್ ವಿಡಿಯೊ ಲೈಬ್ರರಿ: 2016, 2020 ಎರಡನ್ನೂ ಒಂದೇ ವಾರಾಂತ್ಯದಲ್ಲಿ ನೋಡಿದೆ

ಮೊದಲೇ ಹೇಳಿಬಿಡುತ್ತೇನೆ, ನನ್ನ ಲೆಕ್ಕದಲ್ಲಿ ಐದಕ್ಕೆ ಐದು. ಸಿ-ಸ್ಪ್ಯಾನ್ ಅಂದರೆ ಅಮೆರಿಕದ ಸಂಸತ್ತಿನ ಕಲಾಪವನ್ನು ಇದ್ದದ್ದು ಇದ್ದ ಹಾಗೆ ತೋರಿಸುವ ಚಾನೆಲ್. 1979ರಲ್ಲಿ ಶುರುವಾಯಿತು. ಸರ್ಕಾರದ ದುಡ್ಡಿಲ್ಲ, ಕೇಬಲ್ ಕಂಪನಿಗಳು ಕಟ್ಟುವ ಶುಲ್ಕದ ಮೇಲೆ ಬೆಳೆದಿದ್ದು. 1987ರಿಂದ ಈಚೆಗಿನ ದಾಖಲೆಗಳನ್ನು ಅವರ ವಿಡಿಯೊ ಲೈಬ್ರರಿಯಲ್ಲಿ ಬಿಟ್ಟಿಯಾಗಿ ನೋಡಬಹುದು.

ಇಲ್ಲಿ ನ್ಯೂಜೆರ್ಸಿಯಲ್ಲಿ ಸ್ನೇಹಿತರ ಮನೆಗೆ ಊಟಕ್ಕೆ ಹೋಗಿದ್ದಾಗ ಒಂದು ಜೋರು ವಾದ ಆಯಿತು. ಚುನಾವಣೆ ಹತ್ತಿರ ಇರುವಾಗ ಸುಪ್ರೀಂ ಕೋರ್ಟಿನಲ್ಲಿ ಜಾಗ ಖಾಲಿಯಾದರೆ ಯಾರು ತುಂಬಬೇಕು ಅಂತ. ಎಲ್ಲರೂ ಅರ್ಧಂಬರ್ಧ ನೆನಪಿನ ಮೇಲೆ ಮಾತಾಡುತ್ತಿದ್ದೆವು, ನಾನೂ ಸೇರಿ. ಮನೆಗೆ ಬಂದವನೇ ಹುಡುಕಲು ಕೂತೆ.

2016ರ ಫೆಬ್ರವರಿ 13ರಂದು ನ್ಯಾಯಮೂರ್ತಿ ಸ್ಕಾಲಿಯಾ ತೀರಿಕೊಂಡರು. ಇಲ್ಲಿ ಅಧ್ಯಕ್ಷರು ಹೆಸರು ಸೂಚಿಸಬೇಕು, ಸೆನೆಟ್ ಒಪ್ಪಬೇಕು. ಮಾರ್ಚ್ 16ಕ್ಕೆ ಡೆಮಾಕ್ರಟಿಕ್ ಪಕ್ಷದ ಅಧ್ಯಕ್ಷ ಒಬಾಮ ಆ ಜಾಗಕ್ಕೆ ಮೆರಿಕ್ ಗಾರ್ಲಂಡ್ ಹೆಸರು ಸೂಚಿಸಿದರು. ಚುನಾವಣೆಗೆ ಇನ್ನೂ ಸುಮಾರು ಎಂಟು ತಿಂಗಳಿತ್ತು. ಸೆನೆಟ್ಟಿನ ಬಹುಮತದ ನಾಯಕ, ರಿಪಬ್ಲಿಕನ್ ಪಕ್ಷದ ಮೆಕಾನಲ್ ಮಾತ್ರ, ಜನ ಮೊದಲು ಅಧ್ಯಕ್ಷರನ್ನು ಆರಿಸಲಿ ಅಂದುಬಿಟ್ಟರು. ವಿಚಾರಣೆ ಇಲ್ಲ, ಮತ ಇಲ್ಲ. ಗಾರ್ಲಂಡ್ ಹೆಸರು 293 ದಿನ ಹಾಗೇ ಬಿದ್ದಿತ್ತು.

ಈಗ 2020. ನ್ಯಾಯಮೂರ್ತಿ ಗಿನ್ಸ್‌ಬರ್ಗ್ ತೀರಿಕೊಂಡಿದ್ದು ಸೆಪ್ಟೆಂಬರ್ 18, ಚುನಾವಣೆಗೆ 46 ದಿನ ಬಾಕಿ. ಆ ಜಾಗಕ್ಕೆ ಅಧ್ಯಕ್ಷ ಟ್ರಂಪ್ ಸೂಚಿಸಿದ ಏಮಿ ಕೋನಿ ಬ್ಯಾರೆಟ್ ನೇಮಕಕ್ಕೆ ಅಕ್ಟೋಬರ್ 26ಕ್ಕೆ 52-48ರಲ್ಲಿ ಒಪ್ಪಿಗೆ ಸಿಕ್ಕಿಬಿಟ್ಟಿತು, ಮತದಾನಕ್ಕೆ ಎಂಟೇ ದಿನ ಮುಂಚೆ. ಅಷ್ಟು ಹೊತ್ತಿಗೆ ಕೋಟಿಗಟ್ಟಲೆ ಜನ ಮತ ಹಾಕಿ ಆಗಿತ್ತು. ನಾನೂ ನನ್ನ ಮತಪತ್ರ ಕಳಿಸಿ ಆಗಿತ್ತು, ಅದಕ್ಕೇ ಇದು ನನಗೆ ಇವತ್ತಿಗೂ ಚುಚ್ಚುತ್ತದೆ.

ಪೇಪರ್ ಓದಿದ್ದರೆ ಇಷ್ಟು ಗೊತ್ತಾಗುತ್ತಿತ್ತು, ನಿಜ. ಆದರೆ ರಿಪಬ್ಲಿಕನ್ ಸೆನೆಟರ್ ಲಿಂಡ್ಸೆ ಗ್ರಹಾಂ ಸೆನೆಟ್ಟಿನ ನ್ಯಾಯಾಂಗ ಸಮಿತಿಯಲ್ಲಿ 2016ರ ಮಾರ್ಚ್‌ನಲ್ಲಿ, ಮುಂದೆ ನಮ್ಮ ಪಕ್ಷದ ಅಧ್ಯಕ್ಷರಿದ್ದು ಅವರ ಮೊದಲ ಅವಧಿಯ ಕೊನೇ ವರ್ಷ ಹೀಗೇ ಆದರೆ ನನ್ನ ಮಾತನ್ನೇ ನನ್ನ ಮೇಲೆ ಪ್ರಯೋಗಿಸಿ ಅಂತ ಹೇಳುವುದನ್ನು ಅವರ ಬಾಯಲ್ಲೇ ಕೇಳಿ, ಆಮೇಲೆ 2020ರ ಅಕ್ಟೋಬರ್ 12ರಂದು ಅದೇ ಸಮಿತಿಯ ಅಧ್ಯಕ್ಷರ ಕುರ್ಚಿಯಲ್ಲಿ ಕೂತು, ರಿಪಬ್ಲಿಕನ್ನರೆಲ್ಲ ಹೌದು ಅನ್ನುತ್ತಾರೆ, ಡೆಮಾಕ್ರಟರೆಲ್ಲ ಇಲ್ಲ ಅನ್ನುತ್ತಾರೆ ಅಂತ ವಿಚಾರಣೆ ಶುರುವಾಗುವಾಗಲೇ ಹೇಳುವುದನ್ನು ನೋಡಿದರೆ ಆಗುವ ಸಂಕಟವೇ ಬೇರೆ. ನಾಲ್ಕು ದಿನದ ವಿಚಾರಣೆ ಮತ್ತೆ ಯಾಕೆ ಬೇಕಿತ್ತು?

ಇನ್ನೊಂದು ಕಡೆಯ ವಾದವನ್ನೂ ಪೂರ್ತಿ ಕೇಳಿದೆ. 2016ರಲ್ಲಿ ಅಧ್ಯಕ್ಷರದು ಒಂದು ಪಕ್ಷ, ಸೆನೆಟ್ ಇನ್ನೊಂದರ ಕೈಯಲ್ಲಿ. 2020ರಲ್ಲಿ ಎರಡೂ ಒಂದೇ ಪಕ್ಷ, ಹಾಗಾಗಿ ಜನ ಆಗಲೇ ತೀರ್ಪು ಕೊಟ್ಟಾಗಿದೆ ಅನ್ನುತ್ತಾರೆ. ಸಂವಿಧಾನದಲ್ಲಿ ಗಡುವಿಲ್ಲ, ಅದೂ ಸರಿ. ಚುನಾವಣೆಯ ವರ್ಷದಲ್ಲಿ ಒಪ್ಪಿಗೆ ಕೊಟ್ಟಿದ್ದೂ ಉಂಟು, 1988ರ ಫೆಬ್ರವರಿಯಲ್ಲಿ ಆಂಥನಿ ಕೆನಡಿಗೆ 97-0 ಮತ ಬಿದ್ದಿತ್ತು, ಆಗ ಸೆನೆಟ್ ವಿರೋಧ ಪಕ್ಷದ ಕೈಯಲ್ಲಿತ್ತು. ನನ್ನ ತಕರಾರು ಗಾರ್ಲಂಡ್‌ಗೋ ಬ್ಯಾರೆಟ್‌ಗೋ ಸಂಬಂಧಿಸಿದ್ದಲ್ಲ. ತುಂಬುವುದಾದರೆ ಎರಡು ಸಲವೂ ತುಂಬಿ, ಕಾಯುವುದಾದರೆ ಎರಡು ಸಲವೂ ಕಾಯಿರಿ. ಜಾಗ ಖಾಲಿಯಾದ ಮೇಲೆ ನಿಯಮ ಹುಡುಕಿದರೆ ಅದನ್ನು ನಿಯಮ ಅನ್ನೋಕಾಗುತ್ತಾ?

ಭಾರತದಲ್ಲಿ ಸುಪ್ರೀಂ ಕೋರ್ಟಿನವರು 65ಕ್ಕೆ, ಹೈಕೋರ್ಟಿನವರು 62ಕ್ಕೆ ನಿವೃತ್ತಿ. ಜಾಗ ಯಾವತ್ತು ಖಾಲಿಯಾಗುತ್ತೆ ಅಂತ ಸಾಮಾನ್ಯವಾಗಿ ವರ್ಷಗಳ ಮುಂಚೆಯೇ ಗೊತ್ತಿರುತ್ತದೆ. ನಮ್ಮಲ್ಲಿ ನೇಮಕದ ಜಗಳ ಬೇರೆ ಥರದ್ದು, ಅದು ಇನ್ನೊಂದು ದಿನಕ್ಕೆ. ಇಲ್ಲಿ ಜೀವಮಾನದ ಹುದ್ದೆ. ಒಬ್ಬರ ಸಾವಿನ ದಿನಾಂಕ ಮುಂದಿನ ಮೂವತ್ತು ವರ್ಷದ ಕೋರ್ಟನ್ನು ತೀರ್ಮಾನಿಸಬಹುದು.

ಸೇವೆಯ ಬಗ್ಗೆ ಇನ್ನೊಂದೆರಡು ಮಾತು. ಮಧ್ಯೆ ಬಾಯಿ ಹಾಕುವ ನಿರೂಪಕರಿಲ್ಲ, ಕೆಳಗೆ ಓಡುವ ಕೆಂಪು ಪಟ್ಟಿ ಇಲ್ಲ. ಮಾತಿನ ಪಠ್ಯ ಪಕ್ಕದಲ್ಲೇ ಸಿಗುತ್ತದೆ, ಹೆಸರು ಹಾಕಿ ಹುಡುಕಬಹುದು, ಬೇಕಾದಷ್ಟನ್ನೇ ಕತ್ತರಿಸಿ ಕಳಿಸಲೂಬಹುದು. ತಾಳ್ಮೆ ಬೇಕು, ಸುಮ್ನೆ ಹಿನ್ನೆಲೆಯಲ್ಲಿ ಹಾಕಿಕೊಂಡರೆ ಏನೂ ತಲೆಗೆ ಹೋಗಲ್ಲ. 2016ರ ಮಾರ್ಚ್ 16ರಂದು ಶ್ವೇತಭವನದ ರೋಸ್ ಗಾರ್ಡನ್ ತೋಟದಲ್ಲಿ ನಡೆದ ಗಾರ್ಲಂಡ್ ಹೆಸರಿನ ಘೋಷಣೆಯಿಂದ ಶುರುಮಾಡಿ, ಆಮೇಲೆ 2020ರ ಸೆಪ್ಟೆಂಬರ್ 26ರ ಬ್ಯಾರೆಟ್ ಹೆಸರಿನ ಘೋಷಣೆ ಹಾಕಿ. ಅದೂ ಅದೇ ತೋಟದಲ್ಲಿ ನಡೆದದ್ದು.