ನೀರು ತಾಗಿದರೆ ಮುನಿಸಿಕೊಳ್ಳುವ ರೀಲ್: 5 ವೇಟ್ ಫ್ಲೈ ಫಿಶಿಂಗ್ ಕಿಟ್, ಕೆಲವು ಬೇಸಿಗೆಗಳ ಬಳಕೆಯ ನಂತರ

ಮೊದಲೇ ಹೇಳಿಬಿಡುತ್ತೇನೆ. ಈ ಕಿಟ್‌ನ ರಾಡ್ (ಗಾಳದ ಕೋಲು) ಚೆನ್ನಾಗಿದೆ. ಲೈನ್ (ದಾರ) ಪರವಾಗಿಲ್ಲ. ಲೈನ್ ಸುತ್ತಿಡುವ ರೀಲ್ ಮಾತ್ರ ದಂಡ. ಅಷ್ಟು ತಿಳಿದರೆ ಸಾಕು ಅನ್ನುವವರು ಇಲ್ಲಿಗೇ ನಿಲ್ಲಿಸಬಹುದು. ಆದರೆ ಆ ರೀಲ್ ಮೇಲೆ ನನಗಿರುವ ಸಿಟ್ಟು ಒಂದು ಸಾಲಿನಲ್ಲಿ ತೀರುವಂಥದ್ದಲ್ಲ.

ರಾಡ್ 9 ಅಡಿ, 5 ವೇಟ್ (ಎಷ್ಟು ಭಾರದ ಲೈನ್‌ಗೆ ತಕ್ಕದ್ದು ಅನ್ನುವ ಅಂಕಿ, ಹೆಚ್ಚಿದಷ್ಟೂ ರಾಡ್ ಬಲ), ನಾಲ್ಕು ತುಂಡು. ಉಳಿದ ವಿವರವೆಲ್ಲ ಡಬ್ಬದ ಮೇಲೇ ಇದೆ. ನನಗೆ ಬಿದ್ದದ್ದು 150 ಡಾಲರ್ ಒಳಗೆ. ಕಂಪನಿಯ ಹೆಸರು ಬರೆಯುವುದಿಲ್ಲ, ಜಗಳ ಬೇಡ. ಇದೇ ಬೆಲೆಯಲ್ಲಿ ಬೇರೆ ಕಿಟ್ ನೋಡುತ್ತಿರುವವರಿಗೂ ನಾನು ಹೇಳುವುದು ಉಪಯೋಗಕ್ಕೆ ಬಂದೀತು.

ನಾವಿರುವುದು ಟೆಕ್ಸಾಸ್‌ನ ಪ್ಲೇನೋದಲ್ಲಿ, ಡಲ್ಲಾಸ್‌ನಿಂದ ಸ್ವಲ್ಪ ಉತ್ತರಕ್ಕೆ. ಫ್ಲೈ ಫಿಶಿಂಗ್ (ಕೊಕ್ಕೆಗೆ ನೂಲು, ಗರಿ ಕಟ್ಟಿ ಮಾಡಿದ ನಕಲಿ ಹುಳುವನ್ನು, ಅಂದರೆ ಫ್ಲೈಯನ್ನು, ಎಸೆದು ಮೀನು ಹಿಡಿಯುವುದು) ಅಂದರೆ ಜನಕ್ಕೆ ನೆನಪಾಗುವುದು ಮೊಂಟಾನಾದ ತಣ್ಣನೆ ಹೊಳೆ, ಟ್ರೌಟ್ ಮೀನು, ಮೊಣಕಾಲುದ್ದ ನೀರಿನಲ್ಲಿ ನಿಂತ ಟೋಪಿಯವರು. ನಮ್ಮಲ್ಲಿ ಅದೇನೂ ಇಲ್ಲ. ಮನೆಯಿಂದ ನಡೆದು ಹೋಗುವಷ್ಟು ದೂರದಲ್ಲಿ ಒಂದು ಪಾರ್ಕು, ಅದರಲ್ಲಿ ಮಳೆನೀರಿಗೆ ಅಂತ ತೋಡಿದ ಒಂದು ಕೊಳ. ಸುತ್ತ ಸಿಮೆಂಟ್ ದಾರಿ, ಬಾತುಕೋಳಿ, ನಾಯಿ ಹಿಡಿದುಕೊಂಡು ವಾಕಿಂಗ್ ಬರುವವರು. ನೀರು ಯಾವಾಗಲೂ ಚಹಾ ಬಣ್ಣ. ಅದರಲ್ಲಿ ಇರುವುದು ಎರಡು ಥರದ ಮೀನು. ಒಂದು, ಅಂಗೈಯಗಲದ ಬ್ಲೂಗಿಲ್, ಗ್ರೀನ್ ಸನ್‌ಫಿಶ್, ರೆಡ್‌ಇಯರ್. ಇವನ್ನೆಲ್ಲ ಸೇರಿಸಿ ಇಲ್ಲಿ ಪ್ಯಾನ್‌ಫಿಶ್ ಅನ್ನುತ್ತಾರೆ. ಇನ್ನೊಂದು ಗೆಂಡೆ. ನಮ್ಮ ಶಿಡ್ಲಘಟ್ಟದ ಕಡೆ ಕೆರೆಗಳಲ್ಲಿ ಬಲೆಗೆ ಬೀಳುವ ಅದೇ ಕಾಮನ್ ಕಾರ್ಪ್. ತೋಳುದ್ದ ಬೆಳೆದವು ಇವೆ.

ಗೆಂಡೆಗೆ ಇಲ್ಲಿ ಮರ್ಯಾದೆ ಕಡಿಮೆ, ಕಸದ ಮೀನು ಅಂತಲೇ ಲೆಕ್ಕ. ತಮಾಷೆ ಅಂದರೆ ಅದನ್ನು ಈ ದೇಶದ ಉದ್ದಗಲಕ್ಕೂ ಹರಡಿದ್ದು ಸರ್ಕಾರವೇ. 1877ರಲ್ಲಿ ಸ್ಪೆನ್ಸರ್ ಬೇರ್ಡ್ ಮುಖ್ಯಸ್ಥರಾಗಿದ್ದ ಫಿಶ್ ಕಮಿಷನ್ ಜರ್ಮನಿಯಿಂದ ಗೆಂಡೆ ತರಿಸಿ ಬಾಲ್ಟಿಮೋರ್‌ನ ಡ್ರೂಯಿಡ್ ಹಿಲ್ ಪಾರ್ಕಿನ ಕೊಳಗಳಲ್ಲಿ ಸಾಕಿತು. ಆಮೇಲೆ ಮರಿಗಳನ್ನು ರಾಜ್ಯ ರಾಜ್ಯಕ್ಕೆ ಹಂಚಿತು. ನಮ್ಮ ದೇಶಕ್ಕೂ ಅದು ಹೊರಗಿನಿಂದಲೇ ಬಂದದ್ದು, 1939ರಲ್ಲಿ ಮೊದಲು ಊಟಿಗೆ. ಎರಡೂ ಕಡೆ ವಲಸೆ ಬಂದ ಮೀನು ಅಂತ ನನಗೆ ಸ್ವಲ್ಪ ಅಭಿಮಾನ ಜಾಸ್ತಿ.

ಈಗ ರೀಲ್ ವಿಷಯ.

ಗೆಂಡೆಯನ್ನು ಫ್ಲೈಯಲ್ಲಿ ಹಿಡಿಯುವುದು ಎಷ್ಟು ಕಷ್ಟ ಅಂತ ಗೊತ್ತಾದರೆ ಮಾತ್ರ ನನ್ನ ಸಿಟ್ಟು ಅರ್ಥವಾಗುತ್ತದೆ. ಎರೆಹುಳು ಕಟ್ಟಿ ಗಾಳ ಹಾಕಿ ಕೂರುವ ಕೆಲಸವಲ್ಲ ಇದು. ಮೊದಲು ಮೀನು ಕಣ್ಣಿಗೆ ಬೀಳಬೇಕು. ತೆಳುನೀರಿನಲ್ಲಿ ಕೆಸರು ಮೋಡ ಏಳುತ್ತಿದೆಯಾ, ಸಣ್ಣ ಗುಳ್ಳೆಗಳ ಸಾಲು ಬರುತ್ತಿದೆಯಾ ಅಂತ ನೋಡಬೇಕು. ಕೆಲವು ಸಲ ತಲೆ ಕೆಳಗೆ ಮಾಡಿ ಮೇಯುವಾಗ ಬಾಲದ ತುದಿ ನೀರಿನಾಚೆ ಬಂದು ಅಲ್ಲಾಡುತ್ತದೆ. ಹತ್ತಿರ ಹೋಗುವಾಗ ಬೆಕ್ಕಿನ ಹೆಜ್ಜೆ ಇಡಬೇಕು. ಗೆಂಡೆಗೆ ಈಜುಚೀಲದಿಂದ ಒಳಕಿವಿಗೆ ಪುಟ್ಟ ಮೂಳೆಗಳ ಕೊಂಡಿ ಇದೆ, ಕಿವಿ ಬಹಳ ಚುರುಕು. ದಡದಲ್ಲಿ ಬೂಟು ಧಪ್ ಅಂದರೆ ಮುಗಿಯಿತು. ಒಂದಕ್ಕೆ ಗಾಯವಾದರೂ ಕಷ್ಟ, ಅದರ ಚರ್ಮದಿಂದ ಬಿಡುಗಡೆಯಾಗುವ ರಾಸಾಯನಿಕದ ವಾಸನೆಗೆ ಉಳಿದವೂ ಜಾಗ ಖಾಲಿ ಮಾಡುತ್ತವೆ.

ಫ್ಲೈಯನ್ನು ಅದರ ತಲೆ ಮೇಲೆ ಎಸೆಯುವ ಹಾಗಿಲ್ಲ. ಆಚೆಗೆ ಎಸೆದು, ಮೇಲ್ಮೈಯಲ್ಲೇ ಎಳೆದು ತಂದು, ಮೂತಿಯಿಂದ ಗೇಣು ದೂರದಲ್ಲಿ ಮುಳುಗಲು ಬಿಡಬೇಕು. ಆಮೇಲೆ ಕಾಯುವುದು. ಜಗ್ಗಿದ್ದು ಕೈಗೆ ತಿಳಿಯುವುದೇ ಇಲ್ಲ. ಆ ದಪ್ಪ ತುಟಿ ಮುಂದಕ್ಕೆ ಚಾಚಿ ಒಂದು ಸಲ ಹೀರುತ್ತದೆ, ಬೇಡವೆನಿಸಿದರೆ ಅಷ್ಟೇ ಬೇಗ ಉಗುಳುತ್ತದೆ. ಆ ನಡುವಿನ ಕ್ಷಣದಲ್ಲಿ ಎಡಗೈಯಿಂದ ಲೈನ್ ಎಳೆದು ಕೊಕ್ಕೆ ಕೂರಿಸಬೇಕು.

ಇಷ್ಟೆಲ್ಲ ಆದ ಮೇಲೆ ಗೆಂಡೆ ಓಡುತ್ತದೆ. ಒಂದೇ ಓಟಕ್ಕೆ ಕೊಳದ ಅರ್ಧ ದಾಟುತ್ತದೆ. ಈ ಹೊತ್ತಿಗೇ ರೀಲ್‌ನಲ್ಲಿ ಡ್ರ್ಯಾಗ್ ಅಂತ ಇರುವುದು. ಲೈನ್ ಬಿಡುತ್ತಾ ಹೋಗಬೇಕು, ಆದರೆ ಹಿಡಿದು ಹಿಡಿದು ಬಿಡಬೇಕು.

ಈ ರೀಲ್‌ನ ಒಳಗೆ ಇರುವುದು ಲೋಹದ ತಟ್ಟೆಗೆ ಒತ್ತಿಕೊಳ್ಳುವ ಒಂದು ಕಾರ್ಕ್ ಬಿಲ್ಲೆ. ಒಣಗಿದ್ದಾಗ ಏನೂ ತಕರಾರಿಲ್ಲ. ನೀರು ಹೊಕ್ಕಿತೋ, ಕಾರ್ಕ್ ಜಾರಲು ಶುರು. ಗುಂಡಿಯನ್ನು ಎಷ್ಟು ತಿರುಗಿಸಿದರೂ ಹಿಡಿತವಿಲ್ಲ. ಮೀನು ಒಂದು ಸಲ ಜಗ್ಗಿದರೆ ಸ್ಪೂಲ್ (ಲೈನ್ ಸುತ್ತಿರುವ ಗಾಲಿ) ತನ್ನ ಪಾಡಿಗೆ ಗಿರ್ರನೆ ತಿರುಗಿ, ಲೈನ್ ಒಳಗೇ ಸುರುಳಿ ಸುರುಳಿಯಾಗಿ ಸಿಕ್ಕಾಗಿ, ಇದ್ದಕ್ಕಿದ್ದಂತೆ ನಿಲ್ಲುತ್ತದೆ. ಟಿಪೆಟ್, ಅಂದರೆ ಫ್ಲೈ ಕಟ್ಟುವ ತುದಿಯ ತೆಳು ದಾರ, ಟಪ್. ತಡೆಯಲು ಕೈ ಇಟ್ಟರೆ ತಿರುಗುವ ಹಿಡಿ ಬೆರಳ ಗೆಣ್ಣಿಗೇ ಬಡಿಯುತ್ತದೆ. ನನ್ನ ತೋರುಬೆರಳಿನ ಮೇಲೆ ಗುರುತು ಇನ್ನೂ ಇದೆ.

ರೀಲ್ ಒದ್ದೆಯಾಗುವುದು ಯಾವಾಗ? ಮೀನು ಹಿಡಿದಾಗಲೇ! ಬಲೆಚೀಲ ಹಿಡಿದು ದಡದಲ್ಲಿ ಮಂಡಿ ಊರಿದರೆ ರಾಡ್‌ನ ಹಿಂಭಾಗ ನೀರಿಗೋ ಕೆಸರಿಗೋ ತಾಗಿಯೇ ತಾಗುತ್ತದೆ. ಅಂದರೆ ಮೊದಲ ಗೆಂಡೆ ಕೈಗೆ ಬರುತ್ತದೆ, ಎರಡನೆಯದು ಬರುವುದಿಲ್ಲ. ಮನೆಗೆ ತಂದು ಇಟ್ಟರೆ ಮಾರನೇ ದಿನ ಒಣಗಿ, ಏನೂ ಆಗೇ ಇಲ್ಲ ಅನ್ನುವಂತೆ ಗಟ್ಟಿಯಾಗಿ ಕೂತಿರುತ್ತದೆ. ಅಂಗಡಿಯವರಿಗೆ ತೋರಿಸೋಣ ಅಂದರೆ ತೋರಿಸಲು ದೋಷವೇ ಇರುವುದಿಲ್ಲ.

ಕಂಪನಿಗೆ ಬರೆದೆ. ತುಂಬಾ ವಿನಯದ ಉತ್ತರ ಬಂತು. ರೀಲನ್ನು ನೀರಿನಲ್ಲಿ ಮುಳುಗಿಸಬೇಡಿ, ನೀರು ಹೊಕ್ಕರೆ ಅದು ವಾರಂಟಿಗೆ ಬರುವುದಿಲ್ಲ ಅಂತ. ಓದಿ ನಗಬೇಕೋ ಅಳಬೇಕೋ ತಿಳಿಯಲಿಲ್ಲ. ಮೀನು ಹಿಡಿಯುವ ಸಾಮಾನು ಸ್ವಾಮಿ ಇದು. ಮೀನು ಇನ್ನೆಲ್ಲಿರುತ್ತದೆ? ಮತ್ತೆ ಮತ್ತೆ ಬರೆದ ಮೇಲೆ ಬೇರೆ ರೀಲ್ ಕಳಿಸಿದರು. ಅದೇ ಮಾಡೆಲ್, ಅದೇ ರೋಗ.

ಈ ವಿಮರ್ಶೆಯನ್ನು ಆಗಲೇ ಬರೆದಿದ್ದರೆ ಒಂದು ಸ್ಟಾರ್ ಕೊಟ್ಟು ಸುಮ್ನೆ ಹೋಗುತ್ತಿದ್ದೆ. ಬರೆಯದೆ ಬಿಟ್ಟದ್ದಕ್ಕೆ ಕಾರಣ ಬ್ಲೂಗಿಲ್.

ಬ್ಲೂಗಿಲ್‌ಗೆ ರೀಲ್ ಬೇಕಾಗಿಯೇ ಇಲ್ಲ. ಲೈನನ್ನು ಕೈಯಲ್ಲೇ ಎಳೆದುಕೊಂಡರೆ ಮೀನು ಬಂತು. ರೀಲ್ ಬರೀ ಲೈನ್ ಸುತ್ತಿಡುವ ಡಬ್ಬಿ. ಅಂಥ ಕೆಲಸಕ್ಕೆ ಈ ಕಿಟ್ ಎಷ್ಟು ಚೆನ್ನಾಗಿದೆ ಅಂದರೆ, ಬೈಯುತ್ತಿರುವಾಗಲೂ ನನಗೆ ಸಂಜೆ ಆದರೆ ಕಾಲು ನಿಲ್ಲುವುದಿಲ್ಲ.

ನಮ್ಮ ಪದ್ಧತಿ ಹೀಗೆ. ಲ್ಯಾಪ್‌ಟಾಪ್ ಮುಚ್ಚಿದ ಮೇಲೆ ಕಾಫಿ. ಆಮೇಲೆ ಗ್ಯಾರೇಜಿನಲ್ಲಿ ರಾಡ್ ಜೋಡಿಸುವುದು. ತುಂಡುಗಳು ಕೂಡುವ ಕಡೆ ಮೇಣದಬತ್ತಿಯನ್ನು ತೆಳ್ಳಗೆ ಉಜ್ಜುತ್ತೇನೆ, ಕ್ಯಾಸ್ಟ್ ಮಾಡುವಾಗ (ಲೈನ್ ಬೀಸಿ ಎಸೆಯುವಾಗ) ಸಡಿಲವಾಗುವುದಿಲ್ಲ. ಪ್ರತಿ ತುಂಡಿನ ಮೇಲೂ ಒಂದು ಬಿಳಿ ಚುಕ್ಕೆ ಇದೆ, ಚುಕ್ಕೆಗೆ ಚುಕ್ಕೆ ಕೂಡಿಸಿದರೆ ಲೈನ್ ಹೋಗುವ ಬಳೆಗಳು ಒಂದೇ ಸಾಲಿಗೆ ಬರುತ್ತವೆ. ಇದು ಮಗನ ಕೆಲಸ, ನಾನು ಮುಟ್ಟುವ ಹಾಗಿಲ್ಲ. ರೀಲ್‌ನಲ್ಲಿ ಸುತ್ತಿ ಸುತ್ತಿ ಲೈನ್‌ಗೆ ಸುರುಳಿ ಅಭ್ಯಾಸವಾಗಿರುತ್ತದೆ. ಒಂದು ತುದಿ ಅವನು ಹಿಡಿದು ಅಂಗಳದ ಆ ಕೊನೆಗೆ ಹೋಗುತ್ತಾನೆ, ಈ ಕೊನೆಯಲ್ಲಿ ನಾನು ಮೆಲ್ಲಗೆ ಎಳೆಯುತ್ತೇನೆ. "ಅಪ್ಪಾ, ಸಾಕಾ?" "ಇನ್ನೊಂದ್ಸಲ ಎಳಿ ಮರಿ." ನೆಟ್ಟಗಾಗುತ್ತದೆ. ಕೊಕ್ಕೆಯ ಮುಳ್ಳನ್ನು ಇಕ್ಕಳದಿಂದ ಒತ್ತಿ ಮಟ್ಟ ಮಾಡುತ್ತೇವೆ, ಬಿಡಿಸಲು ಸುಲಭ. ನಮ್ಮ ಕಿವಿಗೆ ಚುಚ್ಚಿಕೊಂಡರೂ ಸುಲಭ.

ಬ್ಲೂಗಿಲ್ ಬಾಯಿ ಚಿಕ್ಕದು, 10 ಅಥವಾ 12ನೇ ನಂಬರಿನ ಕೊಕ್ಕೆ ಸಾಕು (ನಂಬರ್ ಹೆಚ್ಚಿದಷ್ಟೂ ಕೊಕ್ಕೆ ಚಿಕ್ಕದು). ನೀರಿನ ಮೇಲೆ ತೇಲುವ ಫ್ಲೈ, ಫೋಮಿನ ಪುಟ್ಟ ಪಾಪರ್ ಕಟ್ಟಿ ಜೊಂಡಿನ ಪಕ್ಕ ಇಳಿಸಿ, ಅಲೆಯ ಉಂಗುರ ಕರಗುವ ತನಕ ಅಲ್ಲಾಡಿಸಬಾರದು. ಮೀನು ಕೆಳಗಿನಿಂದ ಬಂದು ಒಂದು ಇಂಚು ದೂರದಲ್ಲಿ ನಿಲ್ಲುತ್ತದೆ. ಸಂತೆಯಲ್ಲಿ ಹೆಂಗಸರು ಬದನೆಕಾಯಿ ನೋಡುವ ಹಾಗೆ ಈ ಕಡೆಯಿಂದ ನೋಡುತ್ತದೆ, ಆ ಕಡೆಯಿಂದ ನೋಡುತ್ತದೆ. ಆಗ ಪಾಪರ್‌ನ ರಬ್ಬರ್ ಕಾಲು ಅಲುಗುವಷ್ಟು ಮಾತ್ರ ಲೈನ್ ಮಿಡಿಯಬೇಕು. ಚಪ್ ಅಂತ ಒಂದು ಸದ್ದು. ಪಾಪರ್ ಇದ್ದ ಜಾಗದಲ್ಲಿ ಒಂದು ಗುಳ್ಳೆ ಅಷ್ಟೇ. ಅಗಲ ಮೈಯನ್ನು ಅಡ್ಡ ಹಾಕಿ ಗಿರಿಗಿರಿ ಸುತ್ತುತ್ತದೆ, ರಾಡ್ ಅರ್ಧಕ್ಕೆ ಬಾಗುತ್ತದೆ. ನೋಡಿದವರು ಇನ್ನೇನೋ ದೊಡ್ಡದು ಸಿಕ್ಕಿತು ಅಂದುಕೊಳ್ಳಬೇಕು. ಕೈಗೆ ತೆಗೆದುಕೊಳ್ಳುವಾಗ ತಲೆಯ ಕಡೆಯಿಂದ ಹಿಂದಕ್ಕೆ ಸವರಿ ಬೆನ್ನಿನ ಮುಳ್ಳು ಮಡಚಬೇಕು, ಇಲ್ಲದಿದ್ದರೆ ಚುಚ್ಚುತ್ತದೆ. ಕಿವಿರಿನ ತುದಿಯ ಕಪ್ಪು ಚುಕ್ಕೆ, ಎದೆಯ ತಾಮ್ರದ ಬಣ್ಣ ನೋಡಿ ಬಿಟ್ಟುಬಿಡುತ್ತೇವೆ.

ತಿನ್ನಲು ಚೆನ್ನಾಗಿರುತ್ತದೆ, ಅದು ಬೇರೆ ಮಾತು. ಸುತ್ತಲಿನ ಹುಲ್ಲುಹಾಸಿನ ಔಷಧಿಯೆಲ್ಲ ಹರಿದು ಬರುವ ಕೊಳ ಅಂತ ನಾವು ಇಲ್ಲಿಯದನ್ನು ತಿನ್ನುವುದಿಲ್ಲ. ಊರಿನಿಂದ ಅಮ್ಮ ಫೋನಿನಲ್ಲಿ ಕೇಳಿದಳು: "ಹಿಡಿದು ಮತ್ತೆ ನೀರಿಗೇ ಬಿಡ್ತೀಯಾ? ಅದಕ್ಕೆ ಅಷ್ಟು ದುಡ್ಡು ಕೊಟ್ಟು ಕೋಲು ತಗೊಂಡ್ಯಾ?" ನನ್ನ ಹತ್ತಿರ ಉತ್ತರವಿರಲಿಲ್ಲ.

ರಾಡ್ ಬಗ್ಗೆ ಎರಡು ಮಾತು. ತೀರಾ ಬಿರುಸಲ್ಲ, ಹಿಂದಕ್ಕೆ ಹೋದ ಲೈನಿನ ಭಾರ ಕೈಗೆ ಸರಿಯಾಗಿ ತಿಳಿಯುತ್ತದೆ. ಹೊಸಬರಿಗೆ ಇದೇ ಬೇಕು. ಬೆನ್ನ ಹಿಂದೆ ಮರವೋ ವಾಕಿಂಗ್ ದಾರಿಯೋ ಇರುವ ನಮ್ಮಂಥ ಕೊಳಗಳಲ್ಲಿ ಲೈನನ್ನು ಹಿಂದಕ್ಕೆ ಬೀಸುವ ಹಾಗಿಲ್ಲ, ರೋಲ್ ಕ್ಯಾಸ್ಟ್ ಮಾಡಬೇಕು, ಅಂದರೆ ಲೈನನ್ನು ನೀರಿನ ಮೇಲಿಂದಲೇ ಮುಂದಕ್ಕೆ ಉರುಳಿಸಿ ಎಸೆಯಬೇಕು. ಅದನ್ನು ಈ ರಾಡ್ ಸಲೀಸಾಗಿ ಮಾಡುತ್ತದೆ. ಏಪ್ರಿಲ್ ಗಾಳಿಯಲ್ಲಿ ಮಾತ್ರ ಒದ್ದಾಡುತ್ತದೆ. ಲೈನ್‌ಗೆ ಪಾಚಿ ಹಿಡಿದರೆ ಮುಳುಗಲು ಶುರು ಮಾಡುತ್ತದೆ. ಪಾತ್ರೆ ಸೋಪಿನ ಬೆಚ್ಚಗಿನ ನೀರಿನಲ್ಲಿ ಬಟ್ಟೆ ಅದ್ದಿ ಒರೆಸಿದರೆ ಮತ್ತೆ ತೇಲುತ್ತದೆ. ಹೆಂಡತಿಯ ಕಣ್ಣು ತಪ್ಪಿಸಿ ಸಿಂಕಿನಲ್ಲಿ ಮಾಡುವುದು ಉತ್ತಮ.

ಆದರೂ ಗೆಂಡೆ ಆಸೆ ಬಿಡಲಿಲ್ಲ. ಅದಕ್ಕೆ ಕಾರಣ ಕೊಳದ ಮೂಲೆಯಲ್ಲಿ ನೀರಿನ ಮೇಲೆ ಬಾಗಿರುವ ಹಿಪ್ಪುನೇರಳೆ ಮರ. ರೇಷ್ಮೆ ಸೊಪ್ಪಿನ ಊರಿನವನು ನಾನು. ನಮ್ಮಲ್ಲಿ ಸೊಪ್ಪಿಗಾಗಿ ಕತ್ತರಿಸಿ ಕತ್ತರಿಸಿ ಗಿಡವನ್ನು ಎದೆಮಟ್ಟಕ್ಕಿಂತ ಮೇಲೆ ಬಿಡುವುದಿಲ್ಲ. ಇಲ್ಲಿ ಅದು ಎರಡು ಮಾಳಿಗೆ ಎತ್ತರ. ಏಪ್ರಿಲ್ ಕೊನೆಯಿಂದ ಮೇ ತನಕ ಹಣ್ಣು ಉದುರುತ್ತದೆ, ಕೆಳಗೆ ಗೆಂಡೆಗಳು ಸಾಲುಗಟ್ಟಿ ಕಾಯುತ್ತವೆ. ಉಳಿದ ದಿನ ನೆರಳು ಕಂಡರೆ ಓಡುವ ಅದೇ ಮೀನುಗಳು ಆಗ ಟುಳುಕ್ ಅನ್ನುವ ಸದ್ದು ಕೇಳಿದ ಕಡೆ ನುಗ್ಗಿ ಬರುತ್ತವೆ. ನೇರಳೆ ಬಣ್ಣದ ಉಣ್ಣೆ ನೂಲನ್ನು 8ನೇ ನಂಬರಿನ ಕೊಕ್ಕೆಗೆ ಕಟ್ಟಿ, ಕತ್ತರಿಯಲ್ಲಿ ಹಣ್ಣಿನ ಆಕಾರಕ್ಕೆ ಸವರಿದರೆ ಫ್ಲೈ ಸಿದ್ಧ. ಆ ಕೆಲವು ವಾರ ಸೂಕ್ಷ್ಮವಾಗಿ ಎಸೆಯುವ ಗೋಜೇ ಇಲ್ಲ, ಧೊಪ್ಪಂತ ಬೀಳಿಸಿದಷ್ಟೂ ಒಳ್ಳೆಯದು.

ಅಂಥ ಕಾಲದಲ್ಲಿ ಒದ್ದೆ ಕಾರ್ಕ್ ಕಟ್ಟಿಕೊಂಡು ನಿಲ್ಲಲು ನನ್ನಿಂದಾಗಲಿಲ್ಲ. ಡ್ರ್ಯಾಗ್‌ಗೆ ನೀರು ಹೋಗದಂತೆ ಸೀಲ್ ಮಾಡಿರುವ ರೀಲ್ ಒಂದನ್ನು ಸೆಕೆಂಡ್ ಹ್ಯಾಂಡ್ ತೆಗೆದುಕೊಂಡೆ, 70 ಡಾಲರ್. ಕಿಟ್‌ನ ರಾಡ್‌ಗೆ ಅದೇ ಕೂತಿದೆ. ಕೆರೆಗೆ ಅದ್ದಿ ತೆಗೆದರೂ ಹಿಡಿತ ಹಾಗೇ ಇರುತ್ತದೆ. ಹಳೆಯ ರೀಲ್ ಮಗನ ಚಿಕ್ಕ ರಾಡ್‌ಗೆ ಹೋಯಿತು. ಅವನು ಹಿಡಿಯುವುದು ಬ್ಲೂಗಿಲ್ ಮಾತ್ರ, ಅವನ ಪ್ರಕಾರ ಅದು ಪ್ರಪಂಚದ ಅತ್ಯುತ್ತಮ ರೀಲ್.

ಹಾಗಾಗಿ ಲೆಕ್ಕ ಹೀಗೆ. ಪ್ಯಾನ್‌ಫಿಶ್‌ಗೆ, ಮಕ್ಕಳ ಜೊತೆ ಸಂಜೆ ಕಳೆಯಲು, ಕ್ಯಾಸ್ಟಿಂಗ್ ಕಲಿಯಲು ಈ ಕಿಟ್ ಧಾರಾಳವಾಗಿ ತಗೊಳ್ಳಿ. ಗೆಂಡೆಯೇ ಬೇಕು ಅನ್ನುವವರು ರಾಡ್ ಬೇರೆ, ರೀಲ್ ಬೇರೆ ಕೊಳ್ಳಿ, ರಾಡ್ 6 ಅಥವಾ 7 ವೇಟ್ ಇರಲಿ. ನನ್ನ ಹಾಗೆ 5ರಲ್ಲಿ ಎರಡೂ ಮಾಡುವವರು ಕಿಟ್ ಬೆಲೆಯ ಮೇಲೆ ಒಂದು ಒಳ್ಳೆ ರೀಲ್‌ನ ದುಡ್ಡೂ ಸೇರಿಸಿಕೊಂಡೇ ಯೋಚಿಸಿ. ಸ್ಟಾರ್ ಲೆಕ್ಕದಲ್ಲಿ ರಾಡ್‌ಗೆ ನಾಲ್ಕೂವರೆ, ಲೈನ್‌ಗೆ ಮೂರು, ರೀಲ್‌ಗೆ ಒಣಗಿದ್ದಾಗ ಮೂರು, ಒದ್ದೆಯಾದಾಗ ಸೊನ್ನೆ.

ಹಾಂ, ಟೆಕ್ಸಾಸ್‌ನಲ್ಲಿರುವವರಿಗೆ ಇನ್ನೊಂದು ವಿಷಯ. 17 ತುಂಬಿದವರಿಗೆ ಲೈಸೆನ್ಸ್ ಬೇಕು. ಇಲ್ಲಿಯ ನಿವಾಸಿಗಳಿಗೆ ಸಿಹಿನೀರಿನದ್ದು 30 ಡಾಲರ್. ಅದನ್ನು ಜುಲೈನಲ್ಲಿ ತೆಗೆದುಕೊಂಡರೂ ಆಗಸ್ಟ್ 31ಕ್ಕೇ ಮುಗಿದುಹೋಗುತ್ತದೆ. ಸೆಪ್ಟೆಂಬರ್‌ನಲ್ಲಿ ತಗೊಳ್ಳಿ.