ಚಿಕ್ಕ ಉಗಿಬಂಡಿಯ ಗೇಜ್ ಅಗಲ ಮಾಡಿಸಿದ್ದು: ದಾವಣಗೆರೆಯ ಒಂದು ಲೇತ್ ಅಂಗಡಿಯ ಬಗ್ಗೆ

ಮೊದಲೇ ಹೇಳಿಬಿಡುತ್ತೇನೆ. ಕಡೆಯುವ ಕೆಲಸಕ್ಕೆ ಐದಕ್ಕೆ ಐದು. ಜೋಡಿಸುವ ಕೆಲಸಕ್ಕೆ ಎರಡು, ಅದೂ ಯಜಮಾನರ ಒಳ್ಳೆಯತನ ನೋಡಿ ಕೊಟ್ಟಿದ್ದು. ಅಂಗಡಿ ಹೆಸರು ಹಾಕುತ್ತಿಲ್ಲ. ಹಳೇ ಪಿ.ಬಿ. ರಸ್ತೆ ಕಡೆ ಲೇತ್ ಅಂಗಡಿಗಳು ಸಾಲಾಗಿ ಇವೆಯಲ್ಲ, ಅಂಥವುಗಳಲ್ಲಿ ಒಂದು.

ನನ್ನ ಹತ್ತಿರ ಇರುವುದು ನಿಜವಾದ ಹಬೆಯಲ್ಲೇ ಓಡುವ ಪುಟ್ಟ ಇಂಜಿನ್. ನಾಲ್ಕೇ ಚಕ್ರ, ಹಿತ್ತಾಳೆ ಬಾಯ್ಲರ್, ಕೆಳಗೆ ಸ್ಪಿರಿಟ್ ದೀಪ. ಇಂಗ್ಲೆಂಡ್‌ನಲ್ಲಿ ತಯಾರಾದದ್ದು, ಸೆಕೆಂಡ್ ಹ್ಯಾಂಡ್. ಇದರ ಗೇಜ್, ಅಂದರೆ ಎರಡು ಹಳಿಗಳ ನಡುವಿನ ಅಂತರ, 32 ಮಿ.ಮೀ. ಆದರೆ ಮನೆಯ ಟೆರೇಸ್ ಮೇಲೆ ಹಾಸಿರುವ ಹಳಿ 45 ಮಿ.ಮೀ.ದು. ಹಳಿ ಬದಲಿಸೋಣ ಅಂದರೆ ಅದರ ರೇಟು ಕೇಳಿದರೆ ತಲೆ ತಿರುಗುತ್ತದೆ, ಹಾಗಾಗಿ ಇಂಜಿನ್ನೇ ಅಗಲ ಆಗಲಿ ಅಂತ ತೀರ್ಮಾನ ಮಾಡಿದೆ.

ಗೇಜ್ ಲೆಕ್ಕದಲ್ಲಿ ಒಂದು ಮಜಾ ಇದೆ. 45 ಮಿ.ಮೀ. ಹಳಿಯನ್ನು 22.5ರಿಂದ ಗುಣಿಸಿದರೆ ಸುಮಾರು ಒಂದು ಮೀಟರ್ ಬರುತ್ತದೆ. ಅಂದರೆ 1:22.5 ಅಳತೆಯ ಮಾದರಿಗೆ ಅದು ಮೀಟರ್ ಗೇಜ್. ನಮ್ಮ ದಾವಣಗೆರೆ ಮೇಲೆ ಹೋಗುವ ಬೆಂಗಳೂರು-ಹುಬ್ಬಳ್ಳಿ ಲೈನು 1990ರ ದಶಕದವರೆಗೂ ಅದೇ ಮೀಟರ್ ಗೇಜ್ ಆಗಿತ್ತು, ಆಮೇಲೆ 1676 ಮಿ.ಮೀ.ನ ಬ್ರಾಡ್ ಗೇಜ್ ಆಯಿತು. ಆದರೆ ನನ್ನ ಇಂಜಿನ್ ಇರುವುದು 1:19 ಅಳತೆಯಲ್ಲಿ. 32 ಮಿ.ಮೀ. ಹಳಿ ಮೇಲೆ ಅದು ಡಾರ್ಜಿಲಿಂಗ್, ಮಾಥೆರಾನ್ ಥರದ 610 ಮಿ.ಮೀ. ಗೇಜ್ ರೈಲಿಗೆ ಸರಿಯಾಗಿ ಕೂರುತ್ತದೆ. 45ಕ್ಕೆ ಬದಲಿಸಿದರೆ 855 ಮಿ.ಮೀ. ಆಗುತ್ತದೆ, ಅಂಥ ಗೇಜ್ ನಮ್ಮ ದೇಶದ ರೈಲಿನಲ್ಲಿ ಇಲ್ಲವೇ ಇಲ್ಲ. ಅಳತೆ ಪಕ್ಕಾ ಇರಬೇಕು ಅನ್ನುವವರು ಇಲ್ಲಿಗೇ ಓದುವುದು ನಿಲ್ಲಿಸಬಹುದು. ನನಗೆ ಅದು ಓಡಿದರೆ ಸಾಕು.

ಕೆಲಸ ಕೇಳೋಕೆ ಸುಲಭ, ಚಕ್ರ ಆಚೆ ಸರಿಸಿದರೆ ಆಯಿತು ಅಲ್ವಾ? ಚಕ್ರಗಳು ಫ್ರೇಮಿನ ಒಳಗಡೆ ಇರುವ ಇಂಜಿನ್ ಆದರೆ ಹೆಚ್ಚು ಕಡಿಮೆ ಅಷ್ಟೇ. ಎಷ್ಟೋ ಮಾಡೆಲ್‌ಗಳಲ್ಲಿ ಅಲೆನ್ ಕೀ ಹಾಕಿ ಸ್ಕ್ರೂ ಸಡಿಲಿಸಿ ಚಕ್ರ ಜರುಗಿಸಬಹುದು. ನನ್ನದರಲ್ಲಿ ಚಕ್ರ ಫ್ರೇಮಿನ ಹೊರಗಡೆ ಇವೆ. ಎರಡು ಚಕ್ರಗಳ ಬೆನ್ನುಗಳ ನಡುವೆ 28 ಮಿ.ಮೀ. ಇದ್ದದ್ದು ಸುಮಾರು 40 ಆಗಬೇಕು, ಅಂದರೆ ಒಂದೊಂದು ಕಡೆ 6 ಮಿ.ಮೀ. ಆಚೆ. ಚಕ್ರ ಆಚೆ ಹೋದರೆ ಅದರ ಕ್ರ್ಯಾಂಕ್ ಪಿನ್ (ಪಿಸ್ಟನ್ ರಾಡ್ ಸಿಕ್ಕಿಸುವ ಪಿನ್) ಆಚೆ ಹೋಗುತ್ತದೆ, ಪಿನ್ ಆಚೆ ಹೋದರೆ ಪಿಸ್ಟನ್ ರಾಡ್ ಹೋಗಬೇಕು, ಅದರ ಹಿಂದೆ ಸಿಲಿಂಡರ್ ಹೋಗಬೇಕು, ಸಿಲಿಂಡರ್ ಹೋದರೆ ಅದಕ್ಕೆ ಹಬೆ ಬರುವ ದಾರಿಯೂ 6 ಮಿ.ಮೀ. ಉದ್ದ ಆಗಬೇಕು. ಒಂದನ್ನು ಎಳೆದರೆ ಎಲ್ಲವೂ ಬರುತ್ತದೆ.

ಅಂಗಡಿಯಲ್ಲಿ ಇರುವುದು ಹರಿಹರದ ಮೈಸೂರು ಕಿರ್ಲೋಸ್ಕರ್ ಲೇತ್. ಆ ಕಾರ್ಖಾನೆ ಮುಚ್ಚಿ ಎಷ್ಟೋ ವರ್ಷ ಆಯಿತು, ಮಶೀನು ಮಾತ್ರ ಇನ್ನೂ ಗಟ್ಟಿಯಾಗಿ ತಿರುಗುತ್ತಿದೆ. ಇವರ ಹತ್ತಿರ ಬರುವುದು ಬೋರ್‌ವೆಲ್ ಮೋಟರ್ ಶಾಫ್ಟು, ರೈಸ್ ಮಿಲ್ ಬುಷ್ಷು, ಮೆಕ್ಕೆಜೋಳ ಬಿಡಿಸುವ ಮಶೀನಿನ ಪುಲ್ಲಿ. ಅದರ ನಡುವೆ ನಾನು ಅಂಗೈ ಅಗಲದ ಇಂಜಿನ್ ಇಟ್ಟರೆ ಹುಡುಗರು ನಕ್ಕರು. ಯಜಮಾನರು ನಗಲಿಲ್ಲ. ಕನ್ನಡಕ ಏರಿಸಿ, ವರ್ನಿಯರ್ ಹಿಡಿದು, ನಾನು ಡ್ರಾಯಿಂಗ್ ಬಿಚ್ಚುವ ಮೊದಲೇ ಒಂದು ಮಾತು ಕೇಳಿದರು: "ಚಕ್ರ ಇಷ್ಟು ದೂರ ಹೋದ್ರೆ ಈ ಸಣ್ಣ ಬುಷ್ ತಡೀತದಾ ಸರ್? ಸವೆದು ಆಟ ಬರ್ತದೆ."

ನಿಜವಾದ ಪ್ರಶ್ನೆ ಅದು. ಬುಷ್ ಅಂದರೆ ಫ್ರೇಮಿನಲ್ಲಿ ಆಕ್ಸಲ್ ತಿರುಗುವ ಲೋಹದ ಬಳೆ, ಆಟ ಅಂದರೆ ಸಡಿಲ. ಫ್ರೇಮ್ ಮೊದಲಿದ್ದಷ್ಟೇ ಅಗಲ, ಚಕ್ರ ಮಾತ್ರ ದೂರ. ಫ್ರೇಮಿಗೂ ಚಕ್ರಕ್ಕೂ ನಡುವೆ ಎರಡೂ ಕಡೆ 6 ಮಿ.ಮೀ. ಖಾಲಿ ಜಾಗ ಜಾಸ್ತಿ ಆಗುತ್ತದೆ. ಇಂಜಿನ್ ಆ ಕಡೆ ಈ ಕಡೆ ಜಾರುತ್ತದೆ, ಬುಷ್ ಕೂಡ ಬೇಗ ಸವೆಯುತ್ತದೆ. ಅವರು ಕೊಟ್ಟ ಪರಿಹಾರ ನನಗೆ ತುಂಬಾ ಹಿಡಿಸಿತು. ಗನ್‌ಮೆಟಲ್‌ನಲ್ಲಿ ಉದ್ದ ಕಾಲರ್ ಇರುವ ಬುಷ್ ಕಡೆದು, ಕಾಲರ್ ಹೊರಗೆ ಬರುವಂತೆ ಫ್ರೇಮಿಗೆ ಕೂರಿಸಿದರು. ಆಕ್ಸಲ್‌ಗೆ ಉದ್ದಕ್ಕೂ ಆಸರೆ ಸಿಕ್ಕಿತು, ಖಾಲಿ ಜಾಗವೂ ತುಂಬಿತು. ಪಂಪ್ ರಿಪೇರಿ ಮಾಡಿ ಮಾಡಿ ಬಂದ ಬುದ್ಧಿ ಅದು. ಹೊಸ ಆಕ್ಸಲ್‌ಗಳಿಗೆ ಸಿಲ್ವರ್ ಸ್ಟೀಲ್ (ಹೆಸರಷ್ಟೇ ಬೆಳ್ಳಿ, ಇದು ನುಣುಪಾದ ಗಟ್ಟಿ ಉಕ್ಕು) ರಾಡ್ ನಾನೇ ಒಯ್ದಿದ್ದೆ. ಹಳೆಯದಕ್ಕಿಂತ 12 ಮಿ.ಮೀ. ಉದ್ದ, ಎರಡೂ ತುದಿಯ ಅಳತೆ ಕೂದಲೆಳೆಯಷ್ಟೂ ತಪ್ಪಿಲ್ಲ.

ಇನ್ನು ಬೇಸರದ ವಿಷಯ. ಚಕ್ರ ಕೂರಿಸಿದ್ದು ಅಂಗಡಿಯ ಹುಡುಗ, ಕಣ್ಣಳತೆಯಲ್ಲಿ. ಎರಡು ಸಿಲಿಂಡರ್ ಇರುವ ಉಗಿಬಂಡಿಯಲ್ಲಿ ಎಡಗಡೆ ಕ್ರ್ಯಾಂಕ್ ಪಿನ್ನಿಗೂ ಬಲಗಡೆಯದಕ್ಕೂ 90 ಡಿಗ್ರಿ ವ್ಯತ್ಯಾಸ ಇರಬೇಕು. ಇಲ್ಲದಿದ್ದರೆ ಎರಡೂ ಪಿಸ್ಟನ್ ಒಟ್ಟಿಗೆ ತುದಿಗೆ ಬಂದು ಇಂಜಿನ್ ಅಲ್ಲೇ ನಿಂತುಬಿಡುತ್ತದೆ. 90ರ ಬದಲು 88 ಆದರೂ ನಡೆಯುತ್ತದೆ, ಆದರೆ ಮುಂದಿನ ಹಿಂದಿನ ಚಕ್ರಗಳನ್ನು ಒಂದು ರಾಡ್ ಜೋಡಿಸುವುದರಿಂದ ಮುಂದಿನ ಆಕ್ಸಲ್‌ನಲ್ಲಿ 88 ಇದ್ದರೆ ಹಿಂದಿನದರಲ್ಲೂ 88 ಇರಲೇಬೇಕು. ನನ್ನದರಲ್ಲಿ ಒಂದೊಂದು ಒಂದೊಂದು ಥರ ಇತ್ತು. ಕೈಯಲ್ಲಿ ತಳ್ಳಿದರೆ ಪ್ರತಿ ಸುತ್ತಿಗೂ ಒಂದು ಕಡೆ ರಾಡ್ ಹಿಡಿದುಕೊಳ್ಳುತ್ತಿತ್ತು. "ಓಡ್ತಾ ಓಡ್ತಾ ಸರಿಹೋಗ್ತದೆ ಸರ್" ಅಂದ ಹುಡುಗ. ಹೋಗುವುದಿಲ್ಲ ಮಾರಾಯ, ಪಿನ್ ಸವೆಯುತ್ತದೆ ಅಷ್ಟೇ.

ಜೊತೆಗೆ ಲೊಕ್ಟೈಟ್ 638 ಹಾಕಿ ಅಂಟಿಸಿಯೂ ಬಿಟ್ಟಿದ್ದ. ಬಿಸಿ ಮಾಡಿ ಬಿಡಿಸಬೇಕಾಯಿತು. ಯಜಮಾನರು ದುಡ್ಡು ಕೇಳದೆ ಮತ್ತೆ ಮಾಡಿಸಿಕೊಟ್ಟರು, ಈ ಸಲ ಒಂದು ಕಬ್ಬಿಣದ ತುಂಡಿನಲ್ಲಿ ಜಿಗ್ (ಅಳತೆ ತಪ್ಪದಂತೆ ಹಿಡಿದಿಡುವ ಅಚ್ಚು) ಮಾಡಿ, ಎರಡೂ ಆಕ್ಸಲ್ ಅದರಲ್ಲೇ ಇಟ್ಟು. ಸರಿಯಾಯಿತು. ಆದರೆ ಇದಕ್ಕಾಗಿ ಎಷ್ಟು ಸಲ ಫೋನ್ ಮಾಡಿದೆ ಅಂತ ಕೇಳಬೇಡಿ. ಮೆಕ್ಕೆಜೋಳದ ಸೀಸನ್ ಶುರುವಾಗಿತ್ತು, ರೈತರ ಮಶೀನು ಮೊದಲು ಅಂದರು. ಅದಕ್ಕೆ ನಾನು ಏನು ಹೇಳಲಿ?

ಸಿಲಿಂಡರ್ ಕೆಲಸ ಅರ್ಧ ಚೆನ್ನ, ಅರ್ಧ ಸುಮಾರು. ಈ ಇಂಜಿನ್‌ನಲ್ಲಿ ಬೇರೆ ವಾಲ್ವ್ ಇಲ್ಲ. ಸಿಲಿಂಡರೇ ಒಂದು ಪಿನ್ ಮೇಲೆ ಓಲಾಡುತ್ತಾ ಹಬೆಯ ತೂತುಗಳನ್ನು ತೆರೆದು ಮುಚ್ಚುತ್ತದೆ. ಅದನ್ನು ಆಚೆ ತರಲು 6 ಮಿ.ಮೀ. ದಪ್ಪದ ಹಿತ್ತಾಳೆ ತುಂಡು ಇಟ್ಟು, ಅದರಲ್ಲಿ ಅದೇ ಜಾಗದಲ್ಲಿ ತೂತು ಕೊರೆಯಬೇಕು. ತೂತುಗಳು ಸರಿಯಾಗಿ ಬಂದಿದ್ದವು. ಆದರೆ ಸಿಲಿಂಡರ್ ಉಜ್ಜುವ ಮುಖ ಕನ್ನಡಿಯಂತೆ ಇರಬೇಕು, ಇವರು ಕೊಟ್ಟದ್ದರಲ್ಲಿ ಟೂಲಿನ ಗೆರೆ ಬೆರಳಿಗೇ ಸಿಗುತ್ತಿತ್ತು. ಹಬೆ ಎಲ್ಲ ಅಲ್ಲೇ ಸೋರಿಹೋಗುತ್ತಿತ್ತು. ಅವರ ಹತ್ತಿರ ಮುಖ ನುಣುಪು ಮಾಡುವ ಸರ್ಫೇಸ್ ಗ್ರೈಂಡರ್ ಇಲ್ಲ, ಹಾಗಾಗಿ ತೀರಾ ದೂರುವಂತೆಯೂ ಇಲ್ಲ. ದಪ್ಪ ಗಾಜಿನ ಮೇಲೆ 400, 800, 1200 ನಂಬರ್ ಪೇಪರ್ ಇಟ್ಟು, ಎಣ್ಣೆ ಹಾಕಿ, ಎಂಟರ ಆಕಾರದಲ್ಲಿ ಮನೆಯಲ್ಲೇ ಉಜ್ಜಿದೆ. ಸೋರುವುದು ನಿಂತಿತು.

ಈಗ ಓಡುತ್ತಿದೆ, ಚೆನ್ನಾಗಿಯೇ ಓಡುತ್ತಿದೆ. 600 ಮಿ.ಮೀ. ತ್ರಿಜ್ಯದ ತಿರುವನ್ನೂ ಮುಲಾಜಿಲ್ಲದೆ ದಾಟುತ್ತದೆ. ಕಾಲು ಅಗಲವಾದ್ದರಿಂದ ಮೊದಲಿನಂತೆ ವಾಲಾಡುವುದಿಲ್ಲ. ನೋಡೋಕೆ ಮಾತ್ರ ಸ್ವಲ್ಪ ವಿಚಿತ್ರ, ಚಕ್ರಗಳು ಪಾದದ ಹಲಗೆಯಿಂದ ಆಚೆ ಇಣುಕುತ್ತವೆ. ಅಂಚಿಗೆ ಹಿತ್ತಾಳೆ ಪಟ್ಟಿ ಬೆಸೆಯಬೇಕು.

ಒಟ್ಟು ತಗೊಂಡದ್ದು 2,400 ರೂಪಾಯಿ. ಎರಡು ಆಕ್ಸಲ್, ನಾಲ್ಕು ಬುಷ್, ಎರಡು ಹಿತ್ತಾಳೆ ತುಂಡು, ಉದ್ದದ ಪಿನ್ನುಗಳು, ಎಲ್ಲ ಸೇರಿ. ಈ ಕೆಲಸಕ್ಕೆ ಇದು ಜಾಸ್ತಿಯಲ್ಲ. ಬಿಲ್ ಬೇಕಾದರೆ ಕೇಳಿ ಬರೆಸಿಕೊಳ್ಳಿ, ತಾವಾಗಿ ಕೊಡುವುದಿಲ್ಲ.

ಹೋಗುವವರು ಬಾಯ್ಲರ್ ಬಿಚ್ಚಿ ಮನೆಯಲ್ಲೇ ಇಟ್ಟು ಹೋಗಿ, ಅದನ್ನು ಅಲ್ಲಿ ಯಾರ ಕೈಗೂ ಕೊಡಬೇಡಿ. ಹಳೆಯ ಆಕ್ಸಲ್ ಸ್ಯಾಂಪಲ್ ಒಯ್ಯಿರಿ, ಅಳತೆ ಮಿ.ಮೀ.ನಲ್ಲಿ ಬರೆದುಕೊಡಿ. ಚಕ್ರ ಕೂರಿಸುವುದನ್ನು ನೀವೇ ಮಾಡಿ, ಇಲ್ಲವಾದರೆ ಯಜಮಾನರ ಪಕ್ಕದಲ್ಲೇ ನಿಂತು ಮಾಡಿಸಿ. ಬೆಳಿಗ್ಗೆ ಹತ್ತರ ಒಳಗೆ ಹೋದರೆ ಅವರು ಮಾತಿಗೆ ಸಿಗುತ್ತಾರೆ. ಅಮಾವಾಸ್ಯೆ ದಿನ ಬಾಗಿಲು ಹಾಕಿರುತ್ತಾರೆ.